15 ವರ್ಷ ಇಟ್ಟುಕೊಳ್ಳೋಕೆ ಗೇರ್ ಕಾರು: ನಿಮ್ಮ ಅನುಭವ ಹೇಳಿ

ತುಮಕೂರು ಹುಡುಗ: ದಿನಾ ತುಮಕೂರು–ನೆಲಮಂಗಲ, ಹೋಗಿ ಬಂದರೆ ಸುಮಾರು 85 ಕಿ.ಮೀ. ಮುಂದೆ ಎಲ್ಲಾ ಎಲೆಕ್ಟ್ರಿಕ್ಕೇ ಅಂತಾರೆ. ಅದಕ್ಕೂ ಮೊದಲು ಒಂದು ಪೆಟ್ರೋಲ್ ಗೇರ್ ಗಾಡಿ ತಗೊಂಡು ಕೊನೆತನಕ ಓಡಿಸುವ ಆಸೆ. ಹೊಸ ವ್ಯಾಗನ್ ಆರ್ 1.2 ತಗೊಳ್ಳಲಾ, ಇಲ್ಲ ಸೆಕೆಂಡ್ ಹ್ಯಾಂಡ್‌ನಲ್ಲಿ 2017ರ ಹೋಂಡಾ ಸಿಟಿ ನೋಡಲಾ? 8 ಲಕ್ಷ ಇದೆ.

ಎಟಿಯೋಸ್ 2011: ನನ್ನದು ಟೊಯೋಟಾ ಎಟಿಯೋಸ್ 1.5 ಪೆಟ್ರೋಲ್, 2,64,000 ಕಿ.ಮೀ. ಆಗಿದೆ, ಎಂಜಿನ್ ಇವತ್ತಿಗೂ ಬಿಚ್ಚಿಲ್ಲ. ಕ್ಲಚ್ ಎರಡು ಸಲ. ಮೊದಲನೇದು 1,12,000 ಕಿ.ಮೀ.ಗೆ: ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಸೇರಿ 6,800, ಕೂಲಿ 2,200. ಎರಡನೇದು ಮಗ ಕಾರು ಕಲಿತ ವರ್ಷ, ಅದರ ಲೆಕ್ಕ ಬೇಡ ಬಿಡಿ. ಎಸಿ ಕೂಲಿಂಗ್ ಕಾಯಿಲ್ ಸೋರಿತು ಅಂತ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸಿ 11,500 ಕೊಟ್ಟೆ, ಜೋಡಿಸುವಾಗ ಎರಡು ಕ್ಲಿಪ್ ಮುರಿದರು, ಅವತ್ತಿನಿಂದ ಹಂಪ್ ಹತ್ತಿದಾಗಲೆಲ್ಲ ಕಟಕಟ ಅನ್ನುತ್ತೆ. ಟ್ಯಾಕ್ಸಿ ಗಾಡಿ ಅಂತ ಜನ ನಕ್ಕರು. 2020ರಲ್ಲಿ ಎಟಿಯೋಸ್ ಬರೋದೇ ನಿಂತಿತು, ಅಷ್ಟರಲ್ಲಿ ನಕ್ಕವರು ಎರಡು ಗಾಡಿ ಬದಲಾಯಿಸಿದ್ದರು. 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ (ಗಾಡಿ ನೋಂದಣಿ) ರಿನ್ಯೂವಲ್. 600 ಇದ್ದ ಫೀಸು 2022ರಲ್ಲಿ 5,000 ಆಯಿತು, ಅದರ ಮೇಲೆ ಹಸಿರು ತೆರಿಗೆ. ಕೊಟ್ಟು ಓಡಿಸ್ತೀನಿ, ಮಾರಲ್ಲ.

ಉಡುಪಿಯವ: ಎಂಜಿನ್ ಎಂಜಿನ್ ಅಂತ ಎಲ್ಲರೂ ಅದನ್ನೇ ಹೇಳ್ತೀರಿ. ನನ್ನ ಗಾಡಿಯ ಎಂಜಿನ್ ಕೂಡ ಚಿನ್ನದ ಹಾಗಿತ್ತು. ಮನೆಯಿಂದ ಸಮುದ್ರ ಅರ್ಧ ಕಿ.ಮೀ. 9ನೇ ವರ್ಷ ತುಕ್ಕು ತಿಂದು, ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು! ಪ್ಯಾಚ್ ವೆಲ್ಡಿಂಗ್, ಪೇಂಟ್ ಎಲ್ಲಾ ಸೇರಿ 31,000. ಮುಂದಿನ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಬಾಯಿಬಿಟ್ಟಿತು. ಕೊನೆಗೆ ಗುಜರಿಯವನು ಕೊಟ್ಟದ್ದು 38,000.

ಎಟಿಯೋಸ್ 2011: ತಳಕ್ಕೆ ತುಕ್ಕು ಹಿಡಿಯದ ಹಾಗೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸದೆ ಸುಮ್ನೆ ಗಾಡಿಯನ್ನು ಬೈದರೆ?

ಉಡುಪಿಯವ: ಮೂರು ಸಲ ಮಾಡಿಸಿದ್ದೇನೆ ಮಾರಾಯ್ರೆ, ಬಿಲ್ ಇದೆ. ಘಟ್ಟದ ಮೇಲೆ ಕೂತು ಬುದ್ಧಿ ಹೇಳಬೇಡಿ. ನೀರು ಬಾಗಿಲೊಳಗೆ ನಿಂತು ಒಳಗಿನಿಂದ ತಿನ್ನುತ್ತದೆ. ಕೋಟಿಂಗ್ ಇರುವುದು ಹೊರಗೆ.

ಬೊಮ್ಮನಹಳ್ಳಿ: ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಂಟು ವರ್ಷ ಗೇರ್ ಗಾಡಿ ಓಡಿಸಿದವನು ನಾನು. ಮೊದಲು ಎಡ ಮಂಡಿ ಹೋಯಿತು, ಆಮೇಲೆ ಕ್ಲಚ್. ಮಂಡಿಗೆ ಫಿಸಿಯೋ 14 ಸಲ, ಸಲಕ್ಕೆ 600. ಎಲೆಕ್ಟ್ರಿಕ್ ತಗೊಂಡು ಆರಾಮಾಗಿದ್ದೇನೆ.

ದೇಶ ಬಿಟ್ಟ ಕಂಪನಿ ಗಾಡಿ: ಕ್ಲಚ್ ಮೇಲೇ ಕಾಲಿಟ್ಟು ಕೂತರೆ ಮಂಡಿನೂ ಹೋಗುತ್ತೆ, ಪ್ಲೇಟೂ ಹೋಗುತ್ತೆ. ನನ್ನ ಗಾಡಿ ಕಂಪನಿ ಅಂಗಡಿ ಮುಚ್ಚಿಕೊಂಡು ಹೋಯಿತು. ಸ್ಟೀರಿಂಗ್ ರ‍್ಯಾಕ್‌ಗೆ 23 ದಿನ ಕಾದೆ, ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಹಳೇದು 9,000ಕ್ಕೆ ಸಿಕ್ಕಿತು, ಎರಡೇ ತಿಂಗಳಿಗೆ ಅದೂ ಸೋರಿತು, ಇನ್ನೊಂದು ಹಾಕಿಸಿದೆ. ಆದರೂ ಶಿರಾಡಿ ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಇಳಿಸುವ ಸುಖ ನಿಮ್ಮ ಮಿಕ್ಸಿಯಂಥ ಎಲೆಕ್ಟ್ರಿಕ್ ಗಾಡಿಯಲ್ಲಿ ಎಲ್ಲಿದೆ?

ಬೊಮ್ಮನಹಳ್ಳಿ: ನಮ್ಮ ಮಿಕ್ಸಿ ಇಳಿಜಾರಲ್ಲಿ ತಾನೇ ಬ್ರೇಕ್ ಹಿಡಿಯುತ್ತೆ, ಜೊತೆಗೆ ಬ್ಯಾಟರಿನೂ ತುಂಬಿಕೊಳ್ಳುತ್ತೆ.

ದೇಶ ಬಿಟ್ಟ ಕಂಪನಿ ಗಾಡಿ: ಬ್ಯಾಟರಿ ಫುಲ್ ಇದ್ದಾಗ ಹಾಗೆ ಹಿಡಿಯಲ್ಲ, ಗೊತ್ತಾ?

ಬೊಮ್ಮನಹಳ್ಳಿ: ಬೆಂಗಳೂರಿಂದ ಸಕಲೇಶಪುರಕ್ಕೆ ಬಂದ ಮೇಲೂ ಫುಲ್ ಇರುತ್ತಾ ಸ್ವಾಮಿ?

ದೇಶ ಬಿಟ್ಟ ಕಂಪನಿ ಗಾಡಿ: ಸಕಲೇಶಪುರದಲ್ಲಿ ಚಾರ್ಜ್ ಹಾಕಿದರೆ?

ಬೊಮ್ಮನಹಳ್ಳಿ: ಘಾಟಿ ಇಳಿಯೋಕೆ ಯಾರಪ್ಪಾ ಚಾರ್ಜ್ ಹಾಕ್ತಾರೆ!

ತುಮಕೂರು ಹುಡುಗ: ಅಣ್ಣಂದಿರಾ, ವ್ಯಾಗನ್ ಆರ್ ಬಗ್ಗೆ...

ಎಟಿಯೋಸ್ 2011: ತಗೊಳ್ಳಿ. ಎಂಜಿನ್ ಒಳಗೆ ಟೈಮಿಂಗ್ ಚೈನ್ ಇದೆ, ರಬ್ಬರ್ ಬೆಲ್ಟ್ ಬದಲಿಸುವ ತಲೆನೋವಿಲ್ಲ. 2017ರ ಸಿಟಿಗೆ 2032ಕ್ಕೇ ಆರ್‌ಸಿ ಮುಗಿಯುತ್ತೆ.

ಉಡುಪಿಯವ: ಯಾವುದೇ ತಗೊಳ್ಳಿ, ಬಾಗಿಲ ಕೆಳಗೆ ನೀರು ಹೋಗುವ ತೂತು ತಿಂಗಳಿಗೊಮ್ಮೆ ಕ್ಲೀನ್ ಮಾಡಿ.

ಎಟಿಯೋಸ್ 2011: ತುಮಕೂರಲ್ಲಿ ಸಮುದ್ರ ಎಲ್ಲಿದೆ ಮಾರಾಯ್ರೆ?