ರೋಬೋಟ್ ಬೈಪಾಸ್ ಅಪ್ಪನಿಗೆ ಹೊಂದುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಅಪ್ಪನಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಆಂಜಿಯೋಗ್ರಾಂನಲ್ಲಿ ಎರಡು ಬ್ಲಾಕ್ ಕಂಡಿವೆ: ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ಎಂಬ ಮುಖ್ಯ ನಾಳದಲ್ಲಿ ದೊಡ್ಡದು, ಬಲ ನಾಳದಲ್ಲಿ ಚಿಕ್ಕದು. ಬೈಪಾಸ್ ಆಗಲೇಬೇಕಂತೆ. ಎದೆಮೂಳೆ ಸೀಳುತ್ತಾರೆಂದು ಕೇಳಿದಾಗಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ರೋಬೋಟೇ ಆಪರೇಷನ್ ಮಾಡುತ್ತದೆ, ಗಾಯವೇ ಆಗದು ಎನ್ನುತ್ತಾರೆ ಚಿಕ್ಕಪ್ಪ. ನಿಜವೇ?

ಉತ್ತರ (ಹೃದಯ ಶಸ್ತ್ರಚಿಕಿತ್ಸಕ): ರೋಬೋಟ್ ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಕನ್ಸೋಲ್ ಮುಂದೆ ಕುಳಿತ ಸರ್ಜನ್ ಬೆರಳು ಆಡಿಸಿದಂತೆ ಅದರ ತೋಳುಗಳು ಆಡುತ್ತವೆ. ಎಡ ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಒಳಹೊಕ್ಕು, ಎದೆಗೋಡೆಯ ಒಳಬದಿಯಲ್ಲಿರುವ ಲಿಮಾ ಎಂಬ ಅಪಧಮನಿಯನ್ನು ಬಿಡಿಸಿಕೊಳ್ಳುತ್ತೇವೆ. ಆಮೇಲೆ ಎಡ ಎದೆಯ ಕೆಳಗೆ ಎರಡು ಮೂರು ಅಂಗುಲ ಸೀಳಿ, ಬಡಿಯುತ್ತಿರುವ ಹೃದಯದ ಮೇಲೆಯೇ ಆ ಲಿಮಾವನ್ನು ಬ್ಲಾಕ್‌ನ ಆಚೆ ಎಲ್‌ಎಡಿಗೆ ಕೈಯಿಂದ ಹೊಲಿಯುತ್ತೇವೆ. ಪೂರ್ತಿ ರಂಧ್ರಗಳಿಂದಲೇ ಮಾಡುವ ವಿಧಾನವೂ ಉಂಟು. 1998ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿ ತೋರಿಸಿದರು. ಅದು ಇನ್ನೂ ಕಷ್ಟದ್ದು.

ಗಾಯವಂತೂ ಆಗುತ್ತದೆ, ಚಿಕ್ಕದು. ಎದೆಮೂಳೆ ಕತ್ತರಿಸದ ಕಾರಣ ಅದು ಕೂಡಲು ಎರಡು ಮೂರು ತಿಂಗಳು ಕಾಯಬೇಕಿಲ್ಲ. ಸಕ್ಕರೆ ಇರುವವರನ್ನು ಹೆಚ್ಚು ಕಾಡುವ ಮೂಳೆಯ ಸೋಂಕಿನ ಭಯವೂ ಇಲ್ಲ.

ಆದರೆ ನಿಮ್ಮ ತಂದೆಯನ್ನು ಮುಂದೆ ಕಾಯುವುದು ಆ ಲಿಮಾ. ಎಲ್‌ಎಡಿಗೆ ಜೋಡಿಸಿದ ಲಿಮಾ 10 ವರ್ಷಗಳ ನಂತರವೂ ನೂರರಲ್ಲಿ ಸುಮಾರು ತೊಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ಬೈಪಾಸ್‌ಗೆ ಜೋಡಿಸಿದ ಕಾಲಿನ ಸಿರೆಗಳಾದರೆ ಅಷ್ಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿಹೋಗಿರುತ್ತವೆ. ಎದೆ ತೆರೆದು ಮಾಡಿದರೂ ಜೋಡಿಸುವುದು ಇದೇ ಲಿಮಾವನ್ನು. ರೋಬೋಟ್ ಸಿಗದಿದ್ದರೆ ದಯವಿಟ್ಟು ಆಪರೇಷನ್ ಮುಂದೂಡಬೇಡಿ.

ಮರುಪ್ರಶ್ನೆ: ಬಲ ನಾಳದ ಬ್ಲಾಕ್‌ಗೆ ಏನು ಮಾಡುತ್ತೀರಿ ಸರ್? ಅಪ್ಪ ಮೂವತ್ತು ವರ್ಷ ಬೀಡಿ ಸೇದಿದವರು, ಅದನ್ನೂ ಹೇಳಬೇಕಿತ್ತು.

ಉತ್ತರ: ಹೇಳಿದ್ದು ಬಹಳ ಒಳ್ಳೆಯದಾಯಿತು. ಈ ಆಪರೇಷನ್‌ನಲ್ಲಿ ಎಡ ಶ್ವಾಸಕೋಶದ ಗಾಳಿ ತೆಗೆದು, ಬಲಗಡೆಯ ಒಂದರಿಂದಲೇ ಉಸಿರಾಡಿಸುತ್ತೇವೆ. ಬೀಡಿಯಿಂದ ಶ್ವಾಸಕೋಶ ತೀರಾ ಹಾಳಾಗಿದ್ದರೆ ಎದೆಮೂಳೆ ತೆರೆಯುವುದೇ ಕ್ಷೇಮ. ಮೊದಲು ಉಸಿರಾಟದ ಪರೀಕ್ಷೆ ಮಾಡಿಸಿ. ಬಲ ನಾಳದ ಬ್ಲಾಕ್ ರಕ್ತದ ಹರಿವನ್ನು ನಿಜಕ್ಕೂ ತಡೆಯುತ್ತಿದ್ದರೆ ಕೆಲವು ದಿನ ಬಿಟ್ಟು ಸ್ಟೆಂಟ್ ಹಾಕಬಹುದು.

ಸರ್ಜನ್ ಬಳಿ ಸಂಕೋಚವಿಲ್ಲದೆ ಕೇಳಿ: ಇಂಥವು ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ನಡುವೆಯೇ ಎದೆ ತೆರೆಯಬೇಕಾಯಿತು? ಈ ಪ್ರಶ್ನೆಗೆ ಬೇಸರಪಡುವವರ ಬಳಿ ನಾನಾದರೆ ನನ್ನ ತಂದೆಯನ್ನು ಬಿಡುವುದಿಲ್ಲ.

ಇನ್ನೊಂದು ಮಾತು. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಇವತ್ತು ರಾತ್ರಿ ಪಕ್ಕದಲ್ಲಿ ಕುಳಿತು ಅಪ್ಪನಿಗೆ ಊಟ ಮಾಡಿಸಿ.