ಮನುಷ್ಯರ ಎಸ್‌ಸಿಸಿಯಲ್ಲಿ ಸಿಡಿ34 ಪಾಸಿಟಿವ್ ಕೋಶಗಳು ಕಾಲನಿ ಕಟ್ಟುತ್ತಿಲ್ಲ, ಯಾಕೆ?

ಚೈತ್ರ_ಹೆಬ್ಬಾಳ: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಚರ್ಮದ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ (ಎಸ್‌ಸಿಸಿ, ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆಯಿಂದ ಕ್ಯಾನ್ಸರ್ ಸ್ಟೆಮ್ ಸೆಲ್ (ಗಡ್ಡೆ ಹುಟ್ಟಿಸಬಲ್ಲ ಮೂಲ ಕೋಶ) ಬೇರ್ಪಡಿಸಬೇಕು. ಇಲಿಯ ಪೇಪರುಗಳಲ್ಲಿ ಇರುವ ಹಾಗೆ ಸಿಡಿ34 ಮಾರ್ಕರ್ (ಕೋಶದ ಮೇಲ್ಮೈಯ ಗುರುತಿನ ಪ್ರೋಟೀನ್) ಹಿಡಿದೆವು. ಅದಕ್ಕೆ ಅಂಟುವ ಆ್ಯಂಟಿಬಾಡಿ ಮನುಷ್ಯರ ಸಿಡಿ34ರದ್ದೇ. ಫ್ಲೋದಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ) ಸಣ್ಣ ಗುಂಪೊಂದು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಸಾರ್ಟ್ ಮಾಡಿ (ಬೇರ್ಪಡಿಸಿ) ಪ್ಲೇಟಿಗೆ ಹಾಕಿದರೆ ಒಂದೂ ಕಾಲನಿ ಇಲ್ಲ. ನೆಗೆಟಿವ್ ಕೋಶಗಳೇ ಕಾಲನಿ ಕಟ್ಟುತ್ತಿವೆ! ಆ್ಯಂಟಿಬಾಡಿಯ ಕ್ಲೋನ್ ಬದಲಿಸಿದರೂ ಅದೇ ಕಥೆ. ಮೀಡಿಯಾ (ಕೋಶ ಬೆಳೆಸುವ ದ್ರವ) ಬದಲಿಸಬೇಕಾ?

ಸಾರ್ಟರ್_ಮಂಜು: ಮೀಡಿಯಾ ಮುಟ್ಟಬೇಡಿ ಚೈತ್ರಾ. ನಿಮ್ಮ ಆ್ಯಂಟಿಬಾಡಿ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಹಿಡಿಯುತ್ತಿರುವುದು ಮಾತ್ರ ಬೇರೆ ಕೋಶಗಳನ್ನು. ಇಲಿಯಲ್ಲಿ ಕೂದಲ ಬುಡದ ಬಲ್ಜ್ ಭಾಗದ ಸ್ಟೆಮ್ ಸೆಲ್‌ಗಳಲ್ಲಿ ಸಿಡಿ34 ಇರುತ್ತದೆ. 2008ರಲ್ಲಿ ಇಲಿಯ ಚರ್ಮದ ಗಡ್ಡೆಯಲ್ಲಿ ಕ್ಯಾನ್ಸರ್ ಸ್ಟೆಮ್ ಸೆಲ್ ತೋರಿಸಿದ್ದೂ ಅದೇ ಮಾರ್ಕರ್‌ನಿಂದ. ಆದರೆ ಮನುಷ್ಯರ ಬಲ್ಜ್ ಕೋಶಗಳಲ್ಲಿ ಸಿಡಿ34 ಇಲ್ಲ, ಅಲ್ಲಿರುವುದು ಸಿಡಿ200. ಮನುಷ್ಯರ ಚರ್ಮದಲ್ಲಿ ಸಿಡಿ34 ಜಾಸ್ತಿ ಕಾಣುವುದು ರಕ್ತನಾಳದ ಒಳಪದರದಲ್ಲಿ, ಒಳಚರ್ಮದ ಕೆಲವು ಫೈಬ್ರೊಬ್ಲಾಸ್ಟ್‌ಗಳಲ್ಲಿ. ಅವು ಕೆರಟಿನೊಸೈಟ್ (ಹೊರಚರ್ಮದ ಕೋಶ) ಮೀಡಿಯಾದಲ್ಲಿ ಕಾಲನಿ ಕಟ್ಟುತ್ತವಾ? ಮುಂದಿನ ಸ್ಯಾಂಪಲ್‌ಗೆ ಸಿಡಿ31 (ರಕ್ತನಾಳದ ಕೋಶದ ಗುರುತು) ಮತ್ತು ಸಿಡಿ45 (ಬಿಳಿ ರಕ್ತಕಣದ ಗುರುತು) ಸೇರಿಸಿ ನೋಡಿ. ಹಾಗೆಯೇ ಸತ್ತ ಕೋಶ ಗುರುತಿಸುವ ಬಣ್ಣವನ್ನು ಬಿಡಲೇಬೇಡಿ. ಸ್ಯಾಂಪಲ್ ತರುವ ಐಸ್ ಡಬ್ಬಿ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತಷ್ಟೂ ಸತ್ತ ಕೋಶ ಹೆಚ್ಚುತ್ತವೆ. ಅವು ಯಾವ ಆ್ಯಂಟಿಬಾಡಿ ಕೊಟ್ಟರೂ ಅಂಟಿಸಿಕೊಳ್ಳುತ್ತವೆ.

ಪ್ಯಾಥ್_ರೇಖಾ: ಮಂಜು ಹೇಳಿದ್ದು ಸರಿ. ಇನ್ನೊಂದು ಮಾತು. ಎಪಿಥೀಲಿಯಲ್ (ಹೊರಪದರದ) ಕೋಶ ಆರಿಸಲು ಎಪ್‌ಕ್ಯಾಮ್ ಎಂಬ ಮಾರ್ಕರ್‌ನ ಗೇಟ್ (ಯಾವ ಕೋಶ ಆರಿಸಬೇಕೆಂದು ಎಳೆಯುವ ಗಡಿ) ಹಾಕಬೇಡಿ. ಇನ್ನೊಂದು ಚರ್ಮದ ಕ್ಯಾನ್ಸರ್ ಆದ ಬೇಸಲ್ ಸೆಲ್ ಕಾರ್ಸಿನೋಮಾ ಅದಕ್ಕೆ ಪಾಸಿಟಿವ್, ಎಸ್‌ಸಿಸಿ ಸಾಮಾನ್ಯವಾಗಿ ನೆಗೆಟಿವ್. ಸ್ಲೈಡ್ ಮೇಲೆ ಇವೆರಡನ್ನೂ ಬೇರೆ ಮಾಡಲು ನಾವು ಬೆರ್‌ಇಪಿ4 (ಎಪ್‌ಕ್ಯಾಮ್‌ಗೆ ಅಂಟುವ ಆ್ಯಂಟಿಬಾಡಿ) ಹಾಕುವುದೇ ಅದಕ್ಕೆ. ಆ ಗೇಟ್ ಹಾಕಿದರೆ ನಿಮಗೆ ಬೇಕಾದ ಕೋಶಗಳೇ ಹೊರಗೆ ಹೋಗುತ್ತವೆ.

ಚೈತ್ರ_ಹೆಬ್ಬಾಳ: ಹೊಸ ಸ್ಯಾಂಪಲ್ ಓಡಿಸಿದೆ. ಸಿಡಿ34 ಗುಂಪಿನ ಬಹುಪಾಲು ಸಿಡಿ31ಗೂ ಪಾಸಿಟಿವ್! ಅಂದರೆ ಇಷ್ಟು ದಿನ ರಕ್ತನಾಳದ ಕೋಶ ಸಾರ್ಟ್ ಮಾಡಿದ್ದು. ಈಗ ಸಿಡಿ44 ಹಾಕಲಾ?

ಸಾರ್ಟರ್_ಮಂಜು: ಸಿಡಿ44 ಒಂದೇ ಸಾಲದು, ಆರೋಗ್ಯವಾಗಿರುವ ಕೆರಟಿನೊಸೈಟ್‌ಗಳಲ್ಲೂ ಅದು ಧಾರಾಳವಾಗಿ ಇರುತ್ತದೆ. ಸಿಡಿ31, ಸಿಡಿ45 ಇರುವ ಕೋಶಗಳನ್ನು ಮೊದಲು ತೆಗೆದುಹಾಕಿ, ಉಳಿದವುಗಳಲ್ಲಿ ಸಿಡಿ133 ನೋಡಿ. ಮನುಷ್ಯರ ಎಸ್‌ಸಿಸಿಯಲ್ಲಿ ಗಡ್ಡೆ ಹುಟ್ಟಿಸುವ ಕೋಶಗಳಿಗೆ 2012ರಲ್ಲಿ ತೋರಿಸಿದ ಮಾರ್ಕರ್ ಅದು. ಗುಂಪು ತುಂಬಾ ಚಿಕ್ಕದು, ಹಾಗಾಗಿ ಎಫ್‌ಎಂಒ ಕಂಟ್ರೋಲ್ (ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಹೋಲಿಕೆ ಸ್ಯಾಂಪಲ್) ಇಲ್ಲದೆ ಗೇಟ್ ಎಳೆಯಬೇಡಿ. ಕೋಶ ಬಿಡಿಸಲು ಹಾಕುವ ಟ್ರಿಪ್ಸಿನ್ ಹೊತ್ತು ಮೀರಿದರೆ ಮೇಲ್ಮೈ ಪ್ರೋಟೀನ್‌ಗಳನ್ನೇ ಕತ್ತರಿಸುತ್ತದೆ, ಅದರ ಬದಲು ಮೃದುವಾದ ಅಕ್ಯುಟೇಸ್ ಬಳಸಿ. ಆಮೇಲೆ ಮುಖ್ಯವಾದದ್ದು: ಕಾಲನಿ ಬಂತೆಂದು ಸ್ಟೆಮ್ ಸೆಲ್ ಎನ್ನಬೇಡಿ. ಇಲಿಗೆ ಕಸಿ ಮಾಡಿ, ಆ ಗಡ್ಡೆಯಿಂದ ಮತ್ತೆ ಸಾರ್ಟ್ ಮಾಡಿ ಇನ್ನೊಂದು ಇಲಿಗೂ ಹಾಕಿ. ಅಲ್ಲೂ ಗಡ್ಡೆ ಬೆಳೆಯಬೇಕು.

ಚೈತ್ರ_ಹೆಬ್ಬಾಳ: ಥ್ಯಾಂಕ್ಸ್ ಮಂಜು ಸರ್, ರೇಖಾ ಮೇಡಂ. ಸಿಡಿ133 ಆರ್ಡರ್ ಹಾಕಿದ್ದೇನೆ. ಪ್ಲಾಟ್‌ಗಳನ್ನು ಇಲ್ಲೇ ಹಾಕುತ್ತೇನೆ.