‘ನ್ಯಾನೋ ಕಣ’, ‘ರಕ್ತಕಣ’: ಎರಡೂ ಒಂದೇ ವಾಕ್ಯದಲ್ಲಿ ಬಂದರೆ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಲನ್ ಡಾಕ್ಟರ್ ಅವರ ಸಂಶೋಧನೆ ಬಗ್ಗೆ ಬರೆಯುತ್ತಿದ್ದೇನೆ. (ಡಾಕ್ಟರ್ ಅನ್ನೋದು ಅವರ ಮನೆತನದ ಹೆಸರು. ವೃತ್ತಿಯಲ್ಲೂ ವೈದ್ಯರೇ, ಮಕ್ಕಳ ಐಸಿಯು ತಜ್ಞರು.)

ರಕ್ತದ ಬದಲಿಗೆ ಬಳಸೋಕೆ ಅಂತ ಅವರ ತಂಡ ‘ಎರಿಥ್ರೋಮರ್’ ಅನ್ನೋ ಪುಡಿ ತಯಾರಿಸಿದೆ. ಮನುಷ್ಯರ ರಕ್ತದಿಂದ ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್) ತೆಗೆದು, ಕೊಬ್ಬಿನ ತೆಳು ಪೊರೆಯೊಳಗೆ ಇಟ್ಟು ಒಣಗಿಸುತ್ತಾರೆ. ಹೀಗೆ ಪೊರೆ ಸುತ್ತಿದ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರೇ ‘ನ್ಯಾನೋ ಕಣ’. ಬೇಕಾದಾಗ ದ್ರವ ಬೆರೆಸಿ ರಕ್ತನಾಳಕ್ಕೆ ಹಾಕಬಹುದು ಅನ್ನೋದು ಯೋಜನೆ. ಮೊಲಗಳ ಮೇಲೆ ಪ್ರಯೋಗ ನಡೆದಿದೆ. ಪೊರೆ ಯಾಕೆ ಬೇಕು ಅಂದ್ರೆ, ಬರೀ ಹಿಮೋಗ್ಲೋಬಿನ್ ರಕ್ತದಲ್ಲಿ ತೇಲಿದರೆ ರಕ್ತನಾಳ ಬಿಗಿದುಕೊಳ್ಳುತ್ತೆ, ಮೂತ್ರಪಿಂಡಕ್ಕೂ ಪೆಟ್ಟು. ದಾನಿಗಳ ಕೆಂಪು ರಕ್ತಕಣವನ್ನು ಫ್ರಿಜ್‌ನಲ್ಲಿಟ್ಟರೂ 42 ದಿನ ಮಾತ್ರ ಇಡಬಹುದು. ಈ ಪುಡಿಗೆ ಫ್ರಿಜ್ಜೇ ಬೇಡ. ಅಪಘಾತ ಆದ ಜಾಗದಲ್ಲೇ ಜೀವ ಉಳಿಸಬೇಕು ಅನ್ನೋ ಆಸೆ ಇದರ ಹಿಂದಿದೆ.

ನಾನು ಬರೆದ ವಾಕ್ಯ ಇದು: ‘ಈ ನ್ಯಾನೋ ಕಣ ಕೆಂಪು ರಕ್ತಕಣದ ಸುಮಾರು 50ರಲ್ಲಿ ಒಂದು ಪಾಲಿನಷ್ಟಿದೆ.’ ಅಮ್ಮನಿಗೆ ಓದಿ ಹೇಳಿದೆ. ‘ಅಂದ್ರೆ ರಕ್ತಕಣಾನೇ ಕುಟ್ಟಿ ಪುಡಿ ಮಾಡಿದಾರಾ?’ ಅಂದರು. ಅವರ ತಪ್ಪಲ್ಲ. ಎರಡೂ ಕಡೆ ಕಣ, ಜೊತೆಗೆ ಪುಡಿ ಬೇರೆ!

ರಕ್ತಕಣ ನಿಜಕ್ಕೂ ಕಣ ಅಲ್ಲ, ಜೀವಕೋಶ. ಇಂಗ್ಲಿಷಿನಲ್ಲೂ ಹಿಂದೆ ‘ಕಾರ್ಪಸಲ್’ ಅಂತಿದ್ದರು, ಲ್ಯಾಟಿನ್ನಿನಲ್ಲಿ ಅದರ ಅರ್ಥ ಪುಟ್ಟ ದೇಹ. ಅವರು ಈಗ ಜಾಸ್ತಿ ‘ಸೆಲ್’ ಅಂತಾರೆ. ನಮ್ಮಲ್ಲಿ ‘ಕಣ’ ಗಟ್ಟಿಯಾಗಿ ನಿಂತಿದೆ. ‘ಬಿಳಿ ರಕ್ತಕಣ ಕಮ್ಮಿಯಾಗಿದೆ’ ಅಂತ ಹಳ್ಳಿಯಲ್ಲೂ ಹೇಳ್ತಾರೆ. ಅದನ್ನು ‘ರಕ್ತಕೋಶ’ ಅಂತ ಬದಲಿಸೋದು ನನಗೆ ಇಷ್ಟವಿಲ್ಲ.

ಹಾಗಾಗಿ ‘ನ್ಯಾನೋ ಕಣ’ದಲ್ಲಿರೋ ಕಣವನ್ನೇ ಬಿಡೋಣ ಅನ್ನಿಸಿದೆ. ‘ನ್ಯಾನೋ ಗುಳಿಗೆ’ ಅಂದರೆ ನುಂಗೋ ಮಾತ್ರೆ ನೆನಪಾಗುತ್ತೆ. ‘ನ್ಯಾನೋ ಚೀಲ’ ಪರವಾಗಿಲ್ಲ. ನನ್ನ ಮನಸ್ಸು ‘ನ್ಯಾನೋ ಪೊಟ್ಟಣ’ದ ಕಡೆಗಿದೆ. ಅಂಗಡಿಯಲ್ಲಿ ಜೀರಿಗೆ ಪೊಟ್ಟಣ ಕಟ್ಟಿಕೊಡ್ತಿದ್ದರಲ್ಲ, ಒಳಗೊಂದು ಪದಾರ್ಥ, ಸುತ್ತ ತೆಳು ಹೊದಿಕೆ. ಇಲ್ಲಿ ಆಗಿರೋದೂ ಅದೇ ಅಲ್ವಾ? ಆದರೆ ಒಳಗೆ ಏನನ್ನೂ ತುಂಬದ, ಗಟ್ಟಿಯಾದ ಚಿನ್ನದ ನ್ಯಾನೋ ಕಣಕ್ಕೆ ಈ ಪದ ಒಗ್ಗಲ್ಲ. ಅಲ್ಲಿ ಕಣವೇ ಇರಲಿ.

ಇನ್ನೊಂದು ತೊಡಕು: ‘ರಕ್ತ ಕೊಟ್ಟರು’. ದಾನಿ ಕೊಟ್ಟರೂ ಅದೇ ಮಾತು, ರೋಗಿಗೆ ವೈದ್ಯರು ಕೊಟ್ಟರೂ ಅದೇ. ‘ರಕ್ತಪೂರಣ’ ಪುಸ್ತಕದ ಮಾತಾಯ್ತು. ಎರಡನೆಯದಕ್ಕೆ ನಾನು ‘ರಕ್ತ ಹಾಕಿದರು’ ಅಂತ ಬರೆದಿದ್ದೇನೆ.

ಬ್ಲಡ್ ಬ್ಯಾಂಕ್‌ನಲ್ಲಿ, ವಾರ್ಡಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಹೇಳಿ: ರೋಗಿಯ ಮನೆಯವರ ಹತ್ತಿರ ನೀವು ಯಾವ ಮಾತು ಬಳಸ್ತೀರಿ? ‘ಪೊಟ್ಟಣ’ ಅಂದರೆ ಅವರಿಗೆ ತಿಳಿಯುತ್ತಾ?